ಎರ್ನಜರನ ಚಾಚಿದ ಕೈ

ಕರ್ನಾಯ್ ವ್ಯಾನಿನೊಳಗೆ ಹಿಡಿಸಲಿಲ್ಲ. ಅವತ್ತಿನ ರಗಳೆಗೆಲ್ಲ ಮೂಲ ಅಷ್ಟೇ.

ಕರ್ನಾಯ್ ಅಂದರೆ ಆಳಿಗಿಂತ ಉದ್ದದ ಹಿತ್ತಾಳೆ ಕಹಳೆ. ನಮ್ಮ ಶಹರಿಸಬ್ಜ್ ಕಡೆ ಅದನ್ನು ಊದದೆ ಮದುವೆ ಗಂಡು ಹೊಸಿಲು ದಾಟುವುದಿಲ್ಲ. ಈಗೀಗ ಮೂರು ತುಂಡಾಗಿ ಬಿಚ್ಚಿ ಚೀಲಕ್ಕೆ ತುರುಕುವಂಥ ಕರ್ನಾಯ್‌ಗಳು ಬಂದಿವೆ. ನಮ್ಮೂರ ಓಲಗ ತಂಡದಲ್ಲಿ ಕರ್ನಾಯ್ ಊದುವ ಎರ್ನಜರನದು ಅವನಪ್ಪನ ಕಾಲದ್ದು, ಒಂದೇ ತುಂಡು. ಚಾಲಕ ಜೂರಾನ ವ್ಯಾನೋ, ಮೂರು ಜನ ಕೂತರೆ ನಾಲ್ಕನೆಯವನು ಉಸಿರು ಬಿಗಿಹಿಡಿದು ಕೂರಬೇಕಾದಂಥ ಡಬ್ಬ.

"ಮೇಲೆ ಹಗ್ಗ ಹಾಕಿ ಕಟ್ಬಿಡೋಣ ಅಣ್ಣ," ಅಂದ ಜೂರಾ.

"ಅಪ್ಪನ ಕರ್ನಾಯನ್ನ ಹಗ್ಗಕ್ಕೆ ಒಪ್ಸೋದಿಲ್ಲ ನಾನು," ಅಂದ ಎರ್ನಜರ್. "ಕೈಲಿ ಹಿಡ್ಕೋತೀನಿ, ನಡಿ."

ಹೀಗಾಗಿ ಕರ್ನಾಯಿಯ ಬಾಯಿ ಮುಂದಿನ ಕಿಟಕಿಯಿಂದ ಆಚೆ, ಅದನ್ನು ಹಿಡಿದ ಎರ್ನಜರನ ಬಲಗೈಯೂ ಆಚೆ. ಸಮರ್ಕಂದಿನ ಮದುವೆಯೊಂದಕ್ಕೆ ಹೊರಟದ್ದು ಅಕ್ಟೋಬರ್ ತಿಂಗಳ ನಸುಕಿಗೆ. ನಡುವೆ ತಖ್ತಕರಚಾ ಕಣಿವೆ. ಅಲ್ಲಿಯ ಗಾಳಿಗೆ ಕುರಿಗಳೇ ಒಂದರ ಹೊಟ್ಟೆ ಕೆಳಗೆ ಒಂದು ಮುಖ ಇಟ್ಟುಕೊಂಡು ನಿಂತಿರುತ್ತವೆ. ಎರಡೂವರೆ ಗಂಟೆ ಎರ್ನಜರ್ ಕೈ ಒಳಗೆ ಎಳೆದುಕೊಳ್ಳಲಿಲ್ಲ. ಸಮರ್ಕಂದ್ ತಲುಪಿ ವ್ಯಾನು ನಿಂತಾಗ ಎಳೆದುಕೊಳ್ಳೋಣ ಅಂದರೆ ಕೈ ಬರಲಿಲ್ಲ.

ಅವನ ಹೆಂಡತಿಯ ತಮ್ಮ ಬೂರಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕರ್ನಾಯ್ ತೆಗೆದುಕೊಂಡ. ಕೈ ಮಾತ್ರ ಅಲ್ಲೇ ಉಳಿಯಿತು. ಭುಜದ ಮಟ್ಟಕ್ಕೆ, ಮುಂದಕ್ಕೆ ಚಾಚಿಕೊಂಡು, ಅಂಗೈ ಅರ್ಧ ತೆರೆದುಕೊಂಡು, ಯಾರಿಗೋ ಏನೋ ಕೊಡಲು ಹೊರಟಂತೆ. ಇಳಿಸಲು ಹೋದರೆ ಭುಜದೊಳಗೆ ಕೆಂಡ ಇಟ್ಟಂತೆ ಉರಿ.

ತಂಡದ ಯಜಮಾನ ಪೂಲತ್ ಉಸ್ತಾದ್. ಸುರ್ನಾಯ್ ಅಂತ ಸಣ್ಣ ಓಲಗ ಇದೆಯಲ್ಲ, ಅದನ್ನು ಊದುವವರು. ಕೆಳಗಿಳಿದು ಆ ಕೈಯನ್ನೊಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ನೋಡಿದರು.

"ಐದು ಗಂಟೆಗೆ ದಿಬ್ಬಣ," ಅಂದರು. "ಕರ್ನಾಯ್ ಆಕಾಶ ನೋಡ್ಬೇಕು ಎರ್ನಜರ್. ಎದುರುಮನೆ ಕಿಟಕಿ ನೋಡಿದ್ರೆ ಆಗಲ್ಲ."

"ಗೊತ್ತು ಉಸ್ತಾದ್."

"ಮದುವೆ ಮನೆ ಸಾಹುಕಾರನಿಗೆ ಈ ಮಗನಾದ್ಮೇಲೆ ಇನ್ನೂ ಮೂರು ಗಂಡುಮಕ್ಕಳು ಮದುವೆಗಿದಾರೆ. ಸಮರ್ಕಂದಿನೋರು ಮೊದಲ ಮದುವೇಲಿ ಯಾರು ಊದಿದ್ದನ್ನ ಕೇಳ್ತಾರೋ ಅವನನ್ನೇ ಕೊನೇತನಕ ಕರೆಸ್ತಾರೆ. ಇವತ್ತು ಯಾರು ಎತ್ತಿ ಊದ್ತಾನೋ, ಅವನೇ ಇನ್ಮುಂದೆ ನಮ್ಮ ಕರ್ನಾಯ್ ಊದೋನು."

ಇಪ್ಪತ್ತೆರಡು ವರ್ಷ ಎರ್ನಜರ್ ಸಮರ್ಕಂದಿನ ಒಂದು ಕರೆಗಾಗಿ ಕಾದಿದ್ದ. ಅವನಪ್ಪನೂ ಕಾದಿದ್ದ, ಕಾದು ಕಾದೇ ಕಣ್ಣು ಮುಚ್ಚಿದ್ದ. ಈಗ ಕರೆ ಬಂದ ದಿನವೇ ಕೈ ಮುಷ್ಕರ ಹೂಡಿದೆ. ಅವನು ಬೂರಿಯ ಕಡೆ ನೋಡಿದ. ಬೂರಿ ಕರ್ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗಿ ತೋಳಿನಿಂದ ಒರೆಸುತ್ತಿದ್ದ. ತೀರಾ ಪ್ರೀತಿಯಿಂದ ಒರೆಸುತ್ತಿದ್ದ.

"ನೀವು ಆರಾಮಾಗಿ ಮಲ್ಕೊಳ್ಳಿ ಭಾವ," ಅಂದ ಬೂರಿ. "ನಾನಿದೀನಲ್ಲ."

"ನೀನಿದೀಯ ಅಂತಲೇ ಮಲ್ಕೊಳ್ಳೋಕಾಗ್ತಿಲ್ಲ," ಅಂದ ಎರ್ನಜರ್.

ಮದುವೆ ಮನೆಯವರಿಗೆ ಸುಳಿವು ಸಿಕ್ಕರೆ ಬೇರೆ ತಂಡವನ್ನು ಕರೆಸಿಬಿಡುತ್ತಾರೆ. ಹಾಗಾಗಿ ಅವನನ್ನು ಪೇಟೆ ಬೀದಿಯಲ್ಲೇ ಇಳಿಸಿ ಹೋಗುವುದೆಂದು ತೀರ್ಮಾನವಾಯಿತು. ಮಸಾಜ್ ಮಾಡಿಸಿಕೊಂಡು ನಾಲ್ಕೂವರೆಗೆ ಛತ್ರಕ್ಕೆ ಬರಬೇಕು. ಛತ್ರ ಊರಿನ ಆ ತುದಿ, ಕಾರಿನಲ್ಲಿ ಹತ್ತು ನಿಮಿಷ.

"ಫೋನು ನನ್ ಹತ್ರ ಇರ್ಲಿ ಭಾವ," ಅಂದ ಬೂರಿ. "ಎಡಗೈಲಿ ಹಿಡ್ಕೊಂಡ್ರೆ ಬೀಳಿಸ್ಕೋತೀರ." ಎರ್ನಜರ್ ಮರುಮಾತಾಡುವಷ್ಟರಲ್ಲಿ ವ್ಯಾನು ಹೊರಟೇ ಹೋಯಿತು.

ಅವನ ಜೇಬಿನಲ್ಲಿ ಒಂದು ಲಕ್ಷ ಸೋಮ್ ಇತ್ತು. ಲಕ್ಷ ಅಂದ ತಕ್ಷಣ ಹುಬ್ಬೇರಿಸಬೇಡಿ, ನಮ್ಮಲ್ಲಿ ನಾಲ್ಕು ಜನ ಹೊಟ್ಟೆ ತುಂಬ ಪಲಾವ್ ತಿಂದೆದ್ದರೆ ಮುಗಿಯುವ ದುಡ್ಡು. ಅದರಲ್ಲೇ ಹೆಂಡತಿಗೆ ಎರಡು ಸಮರ್ಕಂದ್ ರೊಟ್ಟಿಯನ್ನೂ ಒಯ್ಯಬೇಕು, ಇಲ್ಲದಿದ್ದರೆ ಮನೆ ಬಾಗಿಲು ತೆರೆಯುವುದಿಲ್ಲ.

ಅವನು ಅಗ್ಗದ ಮಸಾಜ್ ಎಲ್ಲಿ ಸಿಕ್ಕೀತು ಎಂದು ರಸ್ತೆ ಬದಿಯಲ್ಲಿ ನಿಂತು ಯೋಚಿಸುತ್ತಿದ್ದಾಗ ಬಿಳಿ ಬಾಡಿಗೆ ಕಾರೊಂದು ಬಂದು ನಿಂತಿತು. ಚಾಲಕನ ಬಾಯಲ್ಲಿ ಪೂರ್ತಿ ಚಿನ್ನದ ಹಲ್ಲು.

"ಎಲ್ಲಿಗೆ ಅಣ್ಣ?"

"ಎಲ್ಲಿಗೂ ಇಲ್ಲ."

"ಮತ್ತೆ ಕೈ ಚಾಚಿದೀರ?"

"ಅದು ಚಾಚಿರೋದಲ್ಲಪ್ಪ, ಅದಾಗೇ ಹಂಗಿರೋದು."

ಚಿನ್ನದ ಹಲ್ಲಿನವನು ಗೊಣಗಿಕೊಂಡು ಹೋದ. ಅವನ ಹಿಂದೆ ಹಸಿರು ಕಾರು ನಿಂತಿತು, ಅದರ ಹಿಂದೆ ಇನ್ನೊಂದು. ಎರ್ನಜರ್ ತಿರುಗಿ ಅಂಗಡಿಗಳ ಕಡೆ ಮುಖ ಮಾಡಿದ. ಕಾರುಗಳ ಕಾಟ ತಪ್ಪಿತು, ಮನುಷ್ಯರ ಕಾಟ ಶುರುವಾಯಿತು. ನೆರೆತ ಗಡ್ಡದ ಹಿರಿಯನೊಬ್ಬ ಕೈ ಚಾಚಿದರೆ ಹಿಡಿದು ಕುಲುಕದೆ ಹೋಗುವ ಸಂಸ್ಕಾರಹೀನರು ನಮ್ಮ ದೇಶದಲ್ಲಿಲ್ಲ. ಒಬ್ಬ ತರಕಾರಿಯವನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. "ಆರೋಗ್ಯನಾ? ಮನೆ ಕಡೆ ಸೌಖ್ಯನಾ? ಮಕ್ಕಳು ಮರಿ? ಮೊಮ್ಮಕ್ಕಳು? ದನ ಕರು?" ಒಂದೊಂದು ಪ್ರಶ್ನೆಗೂ ಒಂದೊಂದು ಕುಲುಕು.

"ಎಲ್ಲ ಸೌಖ್ಯ," ಅಂದ ಎರ್ನಜರ್ ಹಲ್ಲು ಕಚ್ಚಿ. "ದನವೂ ಸೌಖ್ಯ. ಕೈ ಬಿಡಪ್ಪ."

ಇಂಥ ಆರು ಜನರನ್ನು ದಾಟಿ ಅವನು ಎದುರಿಗೆ ಕಂಡ ದೊಡ್ಡ ಹೋಟೆಲಿನೊಳಗೆ ನುಗ್ಗಿದ. ಬಾಗಿಲಲ್ಲಿ 'ಸ್ಪಾ' ಎಂದು ಹೊಳೆಯುವ ಫಲಕ. ಒಳಗೆ ಎಲ್ಲಿಂದಲೋ ನೀರು ತೊಟ್ಟಿಕ್ಕುವ ಸದ್ದು. ನಲ್ಲಿ ಕೆಟ್ಟಿರಬೇಕು ಎಂದುಕೊಂಡ. ಕೌಂಟರಿನ ಹುಡುಗಿ ನಗುನಗುತ್ತಾ ಅವನ ಕೈ ಕುಲುಕಿದಳು, ಅವನು ಗೋಡೆಗೆ ಒರಗಿದ. ಅವಳು ಬೆಲೆ ಪಟ್ಟಿ ಮುಂದಿಟ್ಟಳು.

"ಬಿಸಿ ಕಲ್ಲಿನ ಮಸಾಜ್ ಇದೆ, ಜೇನಿನ ಮಸಾಜ್ ಇದೆ, ಚಾಕೊಲೇಟ್ ಮಸಾಜ್ ಇದೆ."

"ಚಾಕೊಲೇಟ್ ತಿನ್ನೋಕೆ ಕೊಡ್ತೀರಾ?"

"ಇಲ್ಲ ಅಂಕಲ್, ಮೈಗೆ ಹಚ್ತೀವಿ."

"ಬೆಲೆ?"

"ನಾಲ್ಕು ಲಕ್ಷ. ಕಲ್ಲಿಂದು ಮೂರು ಎಂಬತ್ತು."

ಎರ್ನಜರ್ ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಲೆಕ್ಕ ಹಾಕಿದ. "ನೋಡಮ್ಮ, ಅದು ಪೂರ್ತಿ ಮೈಗಲ್ವಾ? ನಂಗೆ ಬೇಕಿರೋದು ಒಂದು ತೋಳು. ಕಾಲು, ಬೆನ್ನು, ಇನ್ನೊಂದು ತೋಳು ಎಲ್ಲ ಕಳೆದುಬಿಡು. ಈಗ ಎಷ್ಟಾಯ್ತು?"

"ನಾವು ಬಿಡಿಬಿಡಿಯಾಗಿ ಮಾಡಲ್ಲ ಅಂಕಲ್."

"ಕಟುಕನ ಅಂಗಡೀಲೂ ಒಂದೇ ಕಾಲು ಕೊಡ್ತಾರಲ್ಲಮ್ಮ."

ಹುಡುಗಿ ಪಟ್ಟಿ ಮಡಚಿಟ್ಟಳು. "ಒಂದು ಶಾಂತಿ ಚಹಾ ಕುಡೀತೀರಾ? ಅರವತ್ತು ಸಾವಿರ." ಬೆಲೆ ಕೇಳಿದ ಮೇಲೆ ಎರ್ನಜರನಿಗಿದ್ದ ಅಲ್ಪಸ್ವಲ್ಪ ಶಾಂತಿಯೂ ಹೋಯಿತು. ಅವನು ಹೊರಗೆ ಬಂದ. ಬಿಳಿ ಕಾರು ಬಂದು ನಿಂತಿತು.

"ಈಗ ಹೊರಟ್ರಾ ಅಣ್ಣ?" ಅಂದ ಚಿನ್ನದ ಹಲ್ಲಿನವನು.

"ಇಲ್ಲಪ್ಪ."

"ನಂಗೆ ಬೇರೆ ಕೆಲಸ ಇಲ್ಲ ಅಂದ್ಕೊಂಡಿದೀರಾ?"

ಆ ಬೀದಿ ಉದ್ದಕ್ಕೂ ಒಂದೇ ಸಾಲು. ಒಂದು ತುದಿಯಲ್ಲಿ ಹೋಟೆಲು, ಇನ್ನೊಂದು ತುದಿಯಲ್ಲಿ ಹಳೇ ಸಂತೆ ಮಾಳ. ಬಾಡಿಗೆ ಕಾರುಗಳು ಬೆಳಗಿನಿಂದ ಸಂಜೆತನಕ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಸುತ್ತುತ್ತಲೇ ಇರುತ್ತವೆ. ಎರ್ನಜರ್ ನಡೆದಂತೆಲ್ಲ ಒಂದಲ್ಲ ಒಂದು ಕಾರು ಅವನ ಪಕ್ಕ ನಿಲ್ಲುವುದು, ಬೈದುಕೊಂಡು ಹೋಗುವುದು ನಡೆದೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಆ ಬೀದಿಯ ಚಾಲಕರೆಲ್ಲ ಅವನನ್ನು ಗುರುತು ಹಿಡಿದಿದ್ದರು.

ಬೀದಿಯ ನಡುವೆ ಹಳೆಯ ಹಮಾಮು ಸಿಕ್ಕಿತು. ಕಲ್ಲು ಗುಮ್ಮಟದ ಬಿಸಿನೀರ ಸ್ನಾನದ ಮನೆ, ಒಳಗೆ ತಿಕ್ಕುವವರು ಇರುತ್ತಾರೆ, ಇಪ್ಪತ್ತೈದು ಸಾವಿರ ಅಷ್ಟೇ. ಎರ್ನಜರನಿಗೆ ಜೀವ ಬಂದಂತಾಯಿತು. ಬಾಗಿಲಿಗೆ ಇಳಿಬಿಟ್ಟ ಹೊದಿಕೆಯನ್ನು ಸರಿಸಬೇಕಾಗಿಯೂ ಬರಲಿಲ್ಲ, ಕೈ ಮೊದಲೇ ಮುಂದಿತ್ತು, ಅದೇ ಸರಿಸಿಕೊಂಡು ಒಳಗೆ ಹೋಯಿತು. ಒಳಗಿನಿಂದ ಏಕಕಾಲಕ್ಕೆ ಹತ್ತು ಹೆಂಗಸರು ಕಿರುಚಿದರು. ಶನಿವಾರ ಹೆಂಗಸರ ದಿನ. ಅದು ಸಮರ್ಕಂದಿನ ಬೆಕ್ಕುಗಳಿಗೂ ಗೊತ್ತು, ಶಹರಿಸಬ್ಜಿನ ಎರ್ನಜರನಿಗೆ ಗೊತ್ತಿಲ್ಲ.

ಬಾಗಿಲು ಕಾಯುವ ಅಜ್ಜಿ ಪೊರಕೆ ಎತ್ತಿಕೊಂಡು ಆ ಕೈಗೆ ಬಾರಿಸಿದಳು. "ಕೈ ತೆಗಿ ಆಚೆ, ಮಾನಗೆಟ್ಟೋನೆ."

"ತೆಗೆಯೋಕೇ ಬಂದಿರೋದಜ್ಜಿ, ತೆಗೆಯೋಕಾಗ್ತಿಲ್ಲ."

"ಇಷ್ಟು ವಯಸ್ಸಾಗಿದೆ, ಗಡ್ಡ ಬೇರೆ ಬಿಟ್ಟಿದೀಯ." ಮತ್ತೆರಡು ಬಿತ್ತು. ಎರ್ನಜರ್ ಹಿಂದೆ ಸರಿದ, ಹೊದಿಕೆ ಅವನ ಬೆರಳಿಗೆ ಸಿಕ್ಕಿಕೊಂಡು ಅವನ ಜೊತೆಗೇ ಬರಲು ನೋಡಿತು. ಒಳಗೆ ಮತ್ತೊಮ್ಮೆ ಕಿರುಚಾಟ. ಅಜ್ಜಿ ಹೊದಿಕೆಯನ್ನೂ ಅವನನ್ನೂ ಬೇರೆ ಮಾಡಲು ಬಹಳ ಶ್ರಮಪಟ್ಟಳು. ಅವನು ಅಲ್ಲಿಂದ ಕಾಲಿಗೆ ಬುದ್ಧಿ ಹೇಳಿದ.

ಓಡಿ ಓಡಿ ಸಂತೆ ಮಾಳದ ತುದಿಗೆ ಬಂದು ನಿಂತ. ಅಲ್ಲೊಂದು ಚಹಾದಂಗಡಿ. ಅದರ ಪಕ್ಕದ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿತ್ತು: 'ತೋಷ್ ಪೈಲ್ವಾನ್. ಮಸಾಜ್. ಮೂಳೆ, ನರ, ಸೊಂಟ.' ಬೆಲೆ ಬರೆದಿರಲಿಲ್ಲ. ಬೆಲೆ ಬರೆಯದ ಕಡೆ ಚೌಕಾಸಿ ನಡೆಯುತ್ತದೆ, ಚೌಕಾಸಿ ನಡೆಯುವ ಕಡೆ ಎರ್ನಜರನಿಗೆ ಧೈರ್ಯ. ಅಂಗಡಿಯ ಗಡಿಯಾರದಲ್ಲಿ ಮೂರು ಗಂಟೆ. ಸಾಕಷ್ಟು ಸಮಯವಿದೆ ಎಂದುಕೊಂಡ.

ಚಹಾದಂಗಡಿಯ ಜಗಲಿ ಮೇಲೆ ಏಳೆಂಟು ಮುದುಕರು ಬಟ್ಟಲು ಹಿಡಿದು ಆಕಳಿಸುತ್ತಾ ಕೂತಿದ್ದರು. ಕುರಿ ಸಂತೆ ಭಾನುವಾರ, ಇವತ್ತು ಅವರಿಗೆ ಮಾಡಲು ಏನೂ ಇಲ್ಲ. ಅವರ ನಡುವೆ ಕುರಿ ದಲ್ಲಾಳಿ ನೆಮತ್, ಆರು ದಿನದಿಂದ ಒಂದು ವ್ಯಾಪಾರವೂ ಕುದುರಿಸದೆ ಕೈ ತುರಿಸುತ್ತಿದ್ದವನು. ಬಲಗೈ ಮುಂದೆ ಚಾಚಿಕೊಂಡು ಬರುತ್ತಿದ್ದ ಎರ್ನಜರನನ್ನು ಕಂಡು ಅವನು ಧಿಗ್ಗನೆ ಎದ್ದುನಿಂತ.

"ಇದಪ್ಪ ಗತ್ತು," ಅಂದ. "ಕೈ ಮುಂದಿಟ್ಟುಕೊಂಡೇ ವ್ಯಾಪಾರಕ್ಕೆ ಬಂದಿದಾರೆ ನೋಡ್ರಿ. ಏನು ಬೇಕಣ್ಣ?"

"ಮಸಾಜ್. ಆದ್ರೆ ಈ ಕೈ…"

"ಪೈಲ್ವಾನ್ರೆ, ಬನ್ನಿ ಆಚೆ. ಗಿರಾಕಿ."

ಒಳಗಿನಿಂದ ತೋಷ್ ಪೈಲ್ವಾನ್ ಬಂದ. ಬಾಗಿಲು ತುಂಬ ಬಂದ. ಮೂವತ್ತು ವರ್ಷ ಕುಸ್ತಿ ಮಾಡಿ, ಮಂಡಿ ಕೆಟ್ಟ ಮೇಲೆ ಮಂದಿಯ ಮೈ ತಿಕ್ಕಲು ಕೂತವನು. ಎರ್ನಜರ್ ಬಾಯಿ ತೆರೆಯುವ ಮೊದಲೇ ನೆಮತ್ ಪೈಲ್ವಾನನ ಕೈ ತಂದು ಎರ್ನಜರನ ಚಾಚಿದ ಕೈಯೊಳಗಿಟ್ಟ, ಮೇಲಿನಿಂದ ತನ್ನೆರಡೂ ಕೈ ಹಾಕಿ ಬಿಗಿಯಾಗಿ ಅಮುಕಿದ.

ನಮ್ಮ ಕುರಿ ಸಂತೆಯಲ್ಲಿ ವ್ಯಾಪಾರ ನಡೆಯುವುದೇ ಹೀಗೆ. ಕೊಳ್ಳುವವನ ಕೈ ಮಾರುವವನ ಕೈಗೆ ಕೂಡಿಸಿ, ಒಂದೊಂದು ಬೆಲೆಗೂ ಒಂದೊಂದು ಸಲ ಬಾವಿ ಪಂಪು ಒತ್ತಿದಂತೆ ದಲ್ಲಾಳಿ ಮೇಲಕ್ಕೂ ಕೆಳಕ್ಕೂ ಜಗ್ಗುತ್ತಾನೆ. ಇಬ್ಬರೂ ಒಪ್ಪುವ ತನಕ ಬಿಡುವುದಿಲ್ಲ. ಬಿಡಿಸಿಕೊಂಡು ಹೋಗುವುದು ಮರ್ಯಾದಸ್ಥರ ಲಕ್ಷಣವಲ್ಲ.

"ಹೇಳಿ ಪೈಲ್ವಾನ್ರೆ."

"ನೂರೈವತ್ತು ಸಾವಿರ," ಅಂದ ಪೈಲ್ವಾನ್.

ನೆಮತ್ ಜಗ್ಗಿದ. ಎರ್ನಜರನ ಕಣ್ಣಿನಲ್ಲಿ ಸಮರ್ಕಂದಿನ ಗುಮ್ಮಟಗಳೆಲ್ಲ ಒಟ್ಟಿಗೆ ಕುಣಿದವು. "ಅಯ್ಯಯ್ಯೋ," ಎಂದು ಕೂಗಿದ.

"ಜಾಸ್ತಿ ಅಂತಿದಾರೆ," ಅಂದ ನೆಮತ್ ಪೈಲ್ವಾನನಿಗೆ. "ನೋಡಿ ಹೆಂಗೆ ಕೂಗ್ತಾರೆ. ಅಣ್ಣ, ನೀವು ಹೇಳಿ."

ಪ್ರಾಣ ಹೋಗುತ್ತಿದ್ದರೂ ಎರ್ನಜರನ ಬಾಯಿಂದ ಬಂದದ್ದು ನ್ಯಾಯವಾದ ಬೆಲೆಯೇ. "ಮೂವತ್ತು."

ಜಗಲಿಯ ಮುದುಕರಿಗೆ ನಿದ್ದೆ ಹಾರಿಹೋಯಿತು. ಬಟ್ಟಲು ಕೆಳಗಿಟ್ಟು ಸುತ್ತುಗಟ್ಟಿದರು. "ಬಿಡಬೇಡಿ ಅಣ್ಣ, ಅವನು ಇಳೀತಾನೆ," ಅಂದ ಒಬ್ಬ. "ಪೈಲ್ವಾನ್ರೆ, ಇವರು ಶಹರಿಸಬ್ಜಿನೋರು, ಟೋಪಿ ನೋಡಿದ್ರೆ ಗೊತ್ತಾಗಲ್ವಾ? ಆ ಊರಿನೋರ ಹತ್ರ ಹುಷಾರು," ಅಂದ ಇನ್ನೊಬ್ಬ.

"ನೂರಿಪ್ಪತ್ತು." ಜಗ್ಗು. "ಅಮ್ಮಾ."

"ಮೂವತ್ತೈದು." ಜಗ್ಗು. "ಸತ್ತೆ, ಸತ್ತೆ."

"ಎಂಥಾ ನಾಟಕ ಆಡ್ತಾರಪ್ಪ," ಅಂದ ಮೂರನೆಯವನು ಮೆಚ್ಚುಗೆಯಿಂದ. "ಕಣ್ಣಲ್ಲಿ ನೀರೇ ತರಿಸ್ಕೊಂಡ್ರು. ನಾನು ಆಡು ಮಾರೋವಾಗ ಇಷ್ಟು ಆಗಲ್ಲ ನನ್ ಕೈಲಿ."

"ನಾಟಕ ಅಲ್ಲ ಕಣ್ರೋ, ಕೈ ನೋವು," ಅಂದ ಎರ್ನಜರ್.

"ಕೈ ನೋವಂತೆ. ಮಸಾಜ್ ಮಾಡಿಸ್ಕೊಳ್ಳೋಕೆ ಬಂದೋರಿಗೆ ಕೈ ನೋವಿರದೆ ಹಲ್ಲು ನೋವಿರುತ್ತಾ? ಪೈಲ್ವಾನ್ರೆ, ಹತ್ತು ಇಳೀರಿ."

ಹಾಗೆ ಅರ್ಧ ಗಂಟೆ ನಡೆಯಿತು. ಪೈಲ್ವಾನ್ ನೂರಕ್ಕಿಳಿದ, ತೊಂಬತ್ತಕ್ಕಿಳಿದ. ಎರ್ನಜರ್ ಬೆವರಿನಲ್ಲಿ ತೊಯ್ದು ಐವತ್ತಕ್ಕೇರಿದ, ಅರವತ್ತಕ್ಕೇರಿದ. ಯಾವ ಬೆಲೆಗಾದರೂ ಒಪ್ಪಿ ಕೈ ಬಿಡಿಸಿಕೊಳ್ಳಬಹುದಿತ್ತು. ಆದರೆ ಇಷ್ಟು ಜನರ ಮುಂದೆ ಮೋಸ ಹೋದ ಹಳ್ಳಿಯವನು ಅನ್ನಿಸಿಕೊಳ್ಳುವುದು ಹೇಗೆ? ಭುಜದ ನೋವನ್ನಾದರೂ ತಡೆದುಕೊಂಡಾನು, ಅದನ್ನು ತಡೆಯಲಾರ.

ಕೊನೆಗೆ ನೆಮತ್ ಕಾಲು ಅಗಲಿಸಿ ನಿಂತ, ಉಸಿರೆಳೆದುಕೊಂಡ. "ಅವರ ಮಾತೂ ಬೇಡ, ಇವರ ಮಾತೂ ಬೇಡ. ಎಪ್ಪತ್ತು," ಎಂದವನೇ ನೆಲದಿಂದ ಕಳೆ ಕೀಳುವಂತೆ ಒಮ್ಮೆ ಜಗ್ಗಿದ. ಟಕ್ ಎಂದು ಸದ್ದಾಯಿತು. ಎಲ್ಲರಿಗೂ ಕೇಳಿಸಿತು, ಯಾರೂ ಗಮನಿಸಲಿಲ್ಲ.

"ಒಪ್ಪಿದೆ," ಅಂದ ಪೈಲ್ವಾನ್.

"ಒಪ್ಪಿದೆ," ಎಂದು ಚೀರಿದ ಎರ್ನಜರ್.

"ದೇವರು ಇಬ್ಬರಿಗೂ ಒಳ್ಳೇದು ಮಾಡ್ಲಿ. ಆಮೀನ್," ಅಂದ ನೆಮತ್. ಮುದುಕರೆಲ್ಲ ಎರಡೂ ಅಂಗೈ ಎತ್ತಿ ಮುಖದ ಮೇಲಿನಿಂದ ಗಡ್ಡದ ತನಕ ಸವರಿಕೊಂಡರು. ಪೈಲ್ವಾನನೂ ಸವರಿಕೊಂಡ. ಹುಟ್ಟಿದಾಗಿನಿಂದ ಮಾಡಿ ಬಂದ ಅಭ್ಯಾಸ, ಎರ್ನಜರನೂ ಎರಡೂ ಕೈ ಎತ್ತಿ ಮುಖ ಸವರಿಕೊಂಡ.

ಸವರಿಕೊಂಡವನು ಗಡ್ಡದ ಬಳಿ ಹಾಗೇ ನಿಂತುಬಿಟ್ಟ. ಬಲಗೈಯನ್ನು ಕಣ್ಣ ಮುಂದೆ ಹಿಡಿದು ನೋಡಿದ. ಮೇಲೆತ್ತಿದ, ಕೆಳಗಿಳಿಸಿದ. ಗಾಳಿಯಲ್ಲಿ ಸುತ್ತಿಸಿದ. ಇಲ್ಲದ ಕರ್ನಾಯ್ ಒಂದನ್ನು ಹಿಡಿದು ಆಕಾಶಕ್ಕೆ ಎತ್ತಿದ. ಒಂದು ಚೂರು ನೋವಿಲ್ಲ. ಸಂತೋಷಕ್ಕೆ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಹತ್ತಿರ ಸಿಕ್ಕಿದ ಮುದುಕನನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತಿಟ್ಟ.

"ಸರಿ ಹೋಯ್ತು. ನೆಮತಣ್ಣ, ನಿಮ್ಮ ಕೈಗುಣ ದೊಡ್ಡದು. ಇನ್ನು ಮಸಾಜ್ ಬೇಡ. ನಾನು ಬರ್ತೀನಿ."

ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಆಮೀನ್ ಆಗಿದೆ," ಅಂದ ನೆಮತ್ ಮೆಲ್ಲಗೆ. "ನಿಮ್ಮ ಎರಡೂ ಕೈಲಿ ಆಗಿದೆ. ನಾವೆಲ್ಲ ನೋಡಿದೀವಿ."

"ಸರಿ, ಮಾತು ಮಾತೇ. ದುಡ್ಡು ತಗೊಳ್ಳಿ. ಮಸಾಜ್ ಬಿಟ್ಬಿಡಿ." ಎರ್ನಜರ್ ಎಪ್ಪತ್ತು ಸಾವಿರ ಎಣಿಸಿ ಮುಂದೆ ಹಿಡಿದ.

ಪೈಲ್ವಾನನ ಮುಖ ಕೆಂಪಾಯಿತು. "ಕೆಲಸ ಮಾಡದೆ ದುಡ್ಡು ಇಸ್ಕೊಳ್ಳೋನಿಗೆ ಏನಂತಾರೆ ಅಣ್ಣ?"

"ಅದೃಷ್ಟವಂತ ಅಂತಾರೆ."

"ಭಿಕ್ಷುಕ ಅಂತಾರೆ. ನಾನು ಭಿಕ್ಷುಕನಾ? ಈ ಮಾಳದಲ್ಲಿ ಮೂವತ್ತು ವರ್ಷ ಯಾರೂ ನನ್ನ ಬೆನ್ನು ನೆಲಕ್ಕೆ ಹಚ್ಚಿಲ್ಲ. ಇವತ್ತು ನೀವು ಎಪ್ಪತ್ತು ಸಾವಿರದಲ್ಲಿ ಹಚ್ತೀರಾ?" ಎರ್ನಜರನಿಗೆ ನಿಜಕ್ಕೂ ನಾಚಿಕೆಯಾಯಿತು. ಗಡಿಯಾರ ನೋಡಿದ, ಮೂರೂವರೆ. "ಬೇಗ ಮುಗಿಸ್ತೀರಾ?" ಎಂದು ಕೇಳಿದ.

"ಬೇಗ ಮುಗಿಸಿದ್ರೆ ಅದು ಮೋಸ," ಎಂದು ಪೈಲ್ವಾನ್ ಅವನನ್ನು ಎತ್ತಿಕೊಂಡು ಒಳಗೆ ಹೋದ.

ಎಪ್ಪತ್ತು ಸಾವಿರಕ್ಕೆ ಎಷ್ಟು ಮಸಾಜ್ ಬರುತ್ತದೆಂದು ಎರ್ನಜರನಿಗೆ ಅವತ್ತು ತಿಳಿಯಿತು. ಹಿಮ್ಮಡಿಯಿಂದ ಶುರು ಮಾಡಿ ಒಂದು ಗೆಣ್ಣನ್ನೂ ಬಿಡದೆ ಪೈಲ್ವಾನ್ ಮೇಲೆ ಬಂದ. ಬೆನ್ನ ಮೇಲೆ ಮಂಡಿಯೂರಿದ, ಕಾಲು ಎತ್ತಿ ಕಿವಿಗೆ ತಾಗಿಸಿದ, ಆಕ್ರೋಟು ಎಣ್ಣೆ ಹಾಕಿ ರೊಟ್ಟಿ ಹಿಟ್ಟು ನಾದಿದಂತೆ ನಾದಿದ. ಎರ್ನಜರ್ "ಬಲಗೈ ಮಾತ್ರ ಮುಟ್ಟಬೇಡಿ" ಎಂದು ಬೇಡಿಕೊಂಡದ್ದಕ್ಕೆ ಅದೊಂದನ್ನು ಬಿಟ್ಟುಕೊಟ್ಟ. ಮುಗಿದ ಮೇಲೆ ಮೂರು ಕಂಬಳಿ ಹೊದಿಸಿ ಚಹಾ ಬಟ್ಟಲು ಕೈಗಿಟ್ಟ.

"ಬೆವರಾರೋ ತನಕ ಎದ್ರೆ ವಾಯು ಹಿಡಿಯುತ್ತೆ."

"ಐದು ಗಂಟೆಗೆ ನಾನು ಕರ್ನಾಯ್ ಊದ್ಬೇಕು ಪೈಲ್ವಾನ್ರೆ. ನಮ್ಮಪ್ಪಂದು ಅದು."

"ಮೊದಲೇ ಹೇಳ್ಬಾರ್ದಾ," ಅಂದ ಪೈಲ್ವಾನ್ ನೊಂದುಕೊಂಡು. "ಹೇಳಿದ್ರೆ ಎಡಗಾಲು ಬಿಟ್ಬಿಡ್ತಿದ್ದೆ."

ಎರ್ನಜರ್ ಟೋಪಿ ಸಿಕ್ಕಿಸಿಕೊಂಡು ಬೀದಿಗೆ ಬಿದ್ದಾಗ ನಾಲ್ಕೂ ಮುಕ್ಕಾಲು. ಅವಸರದಲ್ಲೂ ಮರೆಯದೆ ಮೂಲೆಯ ಅಂಗಡಿಯಲ್ಲಿ ಎರಡು ರೊಟ್ಟಿ ಕೊಂಡು ಕಂಕುಳಲ್ಲಿಟ್ಟುಕೊಂಡ. ಮನಸ್ಸು ಹಗುರವಾಗಿತ್ತು, ಮೈಯೂ ಹಗುರವಾಗಿತ್ತು. ಕಾರಿನಲ್ಲಿ ಹತ್ತೇ ನಿಮಿಷ. ರಸ್ತೆ ಅಂಚಿಗೆ ಬಂದು ಗುಣವಾದ ಬಲಗೈಯನ್ನು ಠೀವಿಯಿಂದ ಮುಂದೆ ಚಾಚಿದ.

ಹಸಿರು ಕಾರು ಬಂತು. ಚಾಲಕ ಅವನನ್ನು ನೋಡಿದ, ತಲೆ ಅಲ್ಲಾಡಿಸಿ ಹೋದ. ಇನ್ನೊಂದು ಬಂತು, ಹಾರ್ನ್ ಬಾರಿಸಿ ಹೋಯಿತು. ಮತ್ತೊಂದರ ಚಾಲಕ ಪಕ್ಕದವನಿಗೆ ಇವನನ್ನು ಬೆರಳು ಮಾಡಿ ತೋರಿಸಿ ನಕ್ಕ. ಎರ್ನಜರ್ ಕೈ ಬೀಸಿದ, ಎರಡೂ ಕೈ ಬೀಸಿದ, ರೊಟ್ಟಿ ಹಿಡಿದು ಬೀಸಿದ. ಬೆಳಗಿನಿಂದ ಬೇಡ ಬೇಡವೆಂದರೂ ನಿಂತ ಕಾರುಗಳಲ್ಲಿ ಒಂದೂ ಈಗ ನಿಲ್ಲಲಿಲ್ಲ.

ಕೊನೆಗೆ ಬಿಳಿ ಕಾರು ಕಂಡಿತು. ಎರ್ನಜರ್ ರಸ್ತೆಗೇ ಇಳಿದ. "ತಮ್ಮಾ, ಈ ಸಲ ನಿಜವಾಗ್ಲೂ ಬರ್ತೀನಿ. ದೇವರಾಣೆ."

ಚಿನ್ನದ ಹಲ್ಲಿನವನು ಕಾರು ನಿಲ್ಲಿಸಲಿಲ್ಲ, ನಿಧಾನ ಮಾಡಿದ ಅಷ್ಟೇ. ಕಿಟಕಿಯಿಂದ ತನ್ನ ಕೈ ಹೊರಚಾಚಿ ಎರ್ನಜರನ ಕೈ ಹಿಡಿದು ಎರಡು ಸಲ ಕುಲುಕಿದ. "ಆರೋಗ್ಯ ನೋಡ್ಕೊಳ್ಳಿ ಅಣ್ಣ," ಎಂದು ಹೇಳಿ ಹೊರಟುಹೋದ.

ಎರ್ನಜರ್ ಓಡಿದ. ಐವತ್ನಾಲ್ಕರ ಪ್ರಾಯದಲ್ಲಿ, ಆಕ್ರೋಟು ಎಣ್ಣೆ ಸುರಿಸುತ್ತಾ, ರೊಟ್ಟಿ ಕಂಕುಳಲ್ಲಿಟ್ಟುಕೊಂಡು ಊರಿನ ಈ ತುದಿಯಿಂದ ಆ ತುದಿಗೆ ಓಡಿದ. ಪೈಲ್ವಾನ್ ನಾದಿದ ಕಾಲುಗಳು ಚೆನ್ನಾಗಿಯೇ ಓಡಿದವು, ಅದನ್ನು ಒಪ್ಪಬೇಕು. ಛತ್ರದ ಬೀದಿಗೆ ತಿರುಗುವಾಗ ಐದೂ ಇಪ್ಪತ್ತು. ಅಲ್ಲಿ ಅವನ ಕಿವಿಗೆ ಬಿದ್ದದ್ದು ಅಪ್ಪನ ಕರ್ನಾಯ್.

ಅವನು ಬೇಲಿಗೆ ಒರಗಿ ನಿಂತ. ಬೂರಿ ಕೆನ್ನೆ ಉಬ್ಬಿಸಿಕೊಂಡು ಕರ್ನಾಯನ್ನು ಆಕಾಶಕ್ಕೆತ್ತಿ ಊದುತ್ತಿದ್ದ. ಕರು ಕಾಣದ ಎಮ್ಮೆ ಕೂಗಿದಂತಿತ್ತು. ಆದರೂ ಅಪ್ಪನ ಕರ್ನಾಯ್ ಸಮರ್ಕಂದಿನ ಗಾಳಿಯಲ್ಲಿ ಕೂಗುತ್ತಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಎರ್ನಜರ್ ರೊಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿಕೊಂಡ. ಬೆಳಗಿನಿಂದ ಅವನು ತಿಂದ ಮೊದಲ ತುತ್ತು ಅದು.

ಸಾಹುಕಾರನಿಗೆ ಬೂರಿ ಬಹಳ ಮೆಚ್ಚುಗೆಯಾದ. "ಎಂಥ ದಮ್ಮು. ಉಳಿದ ಮೂರು ಮದುವೆಗೂ ಇವನೇ ಬರ್ಬೇಕು," ಎಂದು ಉಸ್ತಾದರ ಹೆಗಲ ಮೇಲೆ ಹೊಸ ನಿಲುವಂಗಿ ಹೊದಿಸಿದ. ಪೂಲತ್ ಉಸ್ತಾದ್ ಎರ್ನಜರನನ್ನು ಕಂಡು ಕಣ್ಣು ತಪ್ಪಿಸಿದರು. "ಹದಿನೈದು ನಿಮಿಷ ಕಾದೆ ಕಣೋ. ಮದುವೆ ಗಂಡು ಕಾರಿಂದ ಒಂದು ಕಾಲು ಆಚೆ ಇಟ್ಟಿದ್ದ," ಅಂದರು. ಅಷ್ಟರಲ್ಲಿ ಹೆಂಗಸರು ಮಕ್ಕಳು ಎರ್ನಜರನನ್ನು ಕುಣಿಯುವವರ ನಡುವೆ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಅವನು ಎರಡೂ ತೋಳು ಅಗಲಿಸಿ ಎಲ್ಲರಿಗಿಂತ ಚೆನ್ನಾಗಿ ಕುಣಿಯುತ್ತಿದ್ದ. ಕೈ ಗುಣವಾದ ಸಂತೋಷವನ್ನು ಎಲ್ಲಾದರೂ ಖರ್ಚು ಮಾಡಬೇಕಿತ್ತು.

ಕತ್ತಲು ಗಾಢವಾಗುವ ಮೊದಲು ಕಣಿವೆ ದಾಟಬೇಕೆಂದು ಜೂರಾ ಆರಕ್ಕೇ ವ್ಯಾನು ಹೊರಡಿಸಿದ. ಕರ್ನಾಯ್ ಮತ್ತೆ ಹಿಡಿಸಲಿಲ್ಲ.

"ಮೇಲೆ ಹಗ್ಗ ಹಾಕಿ ಕಟ್ಬಿಡೋಣ," ಅಂದ ಜೂರಾ.

"ನಾನು ಹಿಡ್ಕೋತಿದ್ದೆ," ಅಂದ ಬೂರಿ ಎರಡೂ ಕೈ ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡು. "ಆದ್ರೆ ಇನ್ಮೇಲೆ ಊದೋನ ಕೈಗೆ ಗಾಳಿ ತಾಗಬಾರ್ದಂತೆ, ಉಸ್ತಾದ್ರು ಹೇಳಿದ್ರು. ಹಗ್ಗನೇ ಹಾಕೋಣ ಭಾವ."

ಎರ್ನಜರ್ ಹಗ್ಗವನ್ನು ನೋಡಿದ, ಕರ್ನಾಯನ್ನು ನೋಡಿದ. ಮುಂದಿನ ಸೀಟಿನಲ್ಲಿ ಕೂತು ಬಲಗೈ ಕಿಟಕಿಯಿಂದ ಆಚೆ ಹಾಕಿದ. "ಕೊಡು ಇಲ್ಲಿ," ಅಂದ.

ಶಹರಿಸಬ್ಜಿನಲ್ಲಿ ಅವನ ಮನೆಯ ತಿರುವಿನ ದೀಪದ ಕೆಳಗೆ ವ್ಯಾನು ಅವನನ್ನು ಇಳಿಸಿ ಹೋಯಿತು. ಬೂರಿ ಹೋಗುವ ಮುನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕರ್ನಾಯ್ ತೆಗೆದುಕೊಂಡಿದ್ದ. ಎರ್ನಜರ್ ಎಡಗಂಕುಳಲ್ಲಿ ಒಂದೂ ಮುಕ್ಕಾಲು ರೊಟ್ಟಿ ಇಟ್ಟುಕೊಂಡು, ಬಲಗೈ ಭುಜದ ಮಟ್ಟಕ್ಕೆ ಮುಂದೆ ಚಾಚಿಕೊಂಡು ನಿಂತಿದ್ದ. ಒಂದು ಕಾರು ಬಂದು ನಿಂತಿತು.

"ಎಲ್ಲಿಗೆ ಅಣ್ಣ?"

ಎರ್ನಜರ್ ಇಳಿಯದ ತನ್ನ ಕೈಯ ಕಡೆ ನೋಡಿದ. "ನಾಳೆ ಭಾನುವಾರ ಅಲ್ವಾ? ಬೆಳಗ್ಗೆ ಬೇಗ ಬಾರಪ್ಪ, ಕುರಿ ಸಂತೆಗೆ ಹೋಗ್ಬೇಕು."

"ಕುರಿ ಕೊಳ್ಳೋಕಾ?"

"ಕೊಳ್ಳೋಕೆ ದುಡ್ಡೆಲ್ಲಿದೆ," ಅಂದ ಎರ್ನಜರ್. "ಬರೀ ಚೌಕಾಸಿ ಮಾಡೋಕೆ."